ಲಿನಕ್ಸ್ ಹಾಕಿದರೆ ಸೌಂಡ್ ಹೋಗುತ್ತದೆ ಎನ್ನುವವರಿಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಭಾಗ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದರ ಈಚಿನದೋ ಆಗಿರಬೇಕು. ಅರಸೀಕೆರೆ, ಬೇಲೂರು, ಹಳೇಬೀಡಿನ ಮನೆಗಳಲ್ಲಿ, ಶಾಲೆಗಳಲ್ಲಿ ಓಡುತ್ತಿರುವ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವು ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ಆಗಿ ಬಂದವು, ಅದಕ್ಕಿಂತ ಹಳೆಯವು. ಕೀಬೋರ್ಡು, ಪರದೆ, ಬ್ಯಾಟರಿ ಎಲ್ಲ ನೆಟ್ಟಗಿರುವ ಇಂಥ ಯಂತ್ರವನ್ನು ಗುಜರಿಗೆ ಹಾಕಬೇಡಿ, ಲಿನಕ್ಸ್ ಹಾಕಿಸಿಕೊಳ್ಳಿ ಎಂದು ನಾನು ಹೇಳುತ್ತಾ ಬಂದಿದ್ದೇನೆ. ಹೇಳಿದಲ್ಲೆಲ್ಲ ಎದುರಾಗುವುದು ಒಂದೇ ಆಕ್ಷೇಪ: ‘ಸೌಂಡ್ ಬರಲ್ಲ ಸಾರ್.’ ಅಂಗಡಿಯವರು, ಮೇಷ್ಟ್ರುಗಳು, ಕಾಲೇಜಿನ ಹುಡುಗರು ಇದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳುತ್ತಾರೆ. ಒಂದೊಂದನ್ನೂ ತೆಗೆದುಕೊಂಡು ಉತ್ತರ ಕೊಡುತ್ತೇನೆ. ಅವರ ಮಾತು ನಿಜವಿರುವ ಕಡೆ ನಿಜವೆಂದೇ ಹೇಳುತ್ತೇನೆ.

‘ಲಿನಕ್ಸ್‌ಗೆ ಸೌಂಡ್ ಡ್ರೈವರ್ರೇ ಇಲ್ಲ’ ಎನ್ನುವುದು ಮೊದಲನೆಯ ಮಾತು. ಇದು ಪೂರ್ತಿ ತಪ್ಪು. ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಶುರು ಮಾಡಿದ ಆಲ್ಸಾ ಎಂಬ ಧ್ವನಿ ವ್ಯವಸ್ಥೆ 2003ರ ಕೊನೆಗೆ ಬಂದ 2.6 ಕರ್ನಲ್‌ನಿಂದ (ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು) ಲಿನಕ್ಸ್‌ನ ಒಳಗೇ ಇದೆ. 2004ರಲ್ಲಿ ಇಂಟೆಲ್ ‘ಹೈ ಡೆಫಿನಿಷನ್ ಆಡಿಯೋ’ ಎಂಬ ಮಾನಕ ತಂದ ಮೇಲಂತೂ ಬಹುಪಾಲು ಲ್ಯಾಪ್‌ಟಾಪ್‌ಗಳ ಧ್ವನಿ ಭಾಗ ಒಂದೇ ಅಚ್ಚಿನದಾಯಿತು. ರಿಯಲ್‌ಟೆಕ್ ಚಿಪ್ ಇರಲಿ, ಕೊನೆಕ್ಸಾಂಟ್ ಇರಲಿ, ಮಾತಾಡುವ ರೀತಿ ಒಂದೇ. ಅದಕ್ಕೆ ಬೇಕಾದ ಡ್ರೈವರ್ ಕರ್ನಲ್ ಜೊತೆಗೇ ಬರುತ್ತದೆ. ಸಿಡಿ ಹುಡುಕಬೇಕಿಲ್ಲ, ಕಂಪನಿಯ ಜಾಲತಾಣಕ್ಕೆ ಹೋಗಿ ಮಾಡೆಲ್ ನಂಬರ್ ಹೊಡೆದು ಇಳಿಸಿಕೊಳ್ಳಬೇಕಿಲ್ಲ. ಎಸ್‌.ಪಿ. ರೋಡಿನಿಂದ ಬರುವ ಹಳೇ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳಿಗೆ ಲಿನಕ್ಸ್‌ನ ಬಗೆಗಳಾದ ಮಿಂಟ್ ಅಥವಾ ಉಬುಂಟು ಹಾಕಿ ನೋಡಿ. ಪರದೆ ಮೂಡಿದಾಗಲೇ ಸ್ಪೀಕರೂ ಮಾತಾಡುತ್ತದೆ.

ಹಾಗಾದರೆ ಕೆಲವು ಯಂತ್ರಗಳು ಮಾತ್ರ ಏಕೆ ಮೂಕವಾಗುತ್ತವೆ? ವಾದದ ತಿರುಳು ಇರುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಧ್ವನಿಯ ಚಿಪ್ ಎಲ್ಲರದೂ ಒಂದೇ ಬಗೆಯದಾದರೂ ಅದರ ಯಾವ ಕಾಲಿಗೆ ಸ್ಪೀಕರ್ ಕಟ್ಟಿದೆ, ಯಾವುದಕ್ಕೆ ಇಯರ್‌ಫೋನ್ ಜ್ಯಾಕ್, ಯಾವುದಕ್ಕೆ ಮೈಕು, ಯಾವುದು ಖಾಲಿ ಎಂಬುದನ್ನು ತೀರ್ಮಾನಿಸುವುದು ಲ್ಯಾಪ್‌ಟಾಪ್ ಕಂಪನಿ. ಈ ವಿವರವನ್ನು ಯಂತ್ರ ಹಚ್ಚಿದಾಗ ಮೊದಲು ಓಡುವ ಬಯೋಸ್ ಆ ಧ್ವನಿ ಚಿಪ್‌ನೊಳಗೆ ಬರೆದಿಡಬೇಕು ಎಂಬುದು ಮಾನಕದ ನಿಯಮ. ಮನೆಗೆ ವೈರಿಂಗ್ ಮಾಡಿದವನು ಯಾವ ಸ್ವಿಚ್ ಯಾವ ಕೋಣೆಯದು ಎಂದು ಬೋರ್ಡಿನ ಮೇಲೆ ಬರೆದು ಹೋದರೆ ಆಮೇಲೆ ಬಂದ ಯಾವ ಎಲೆಕ್ಟ್ರಿಷಿಯನ್‌ಗೂ ತೊಂದರೆಯಿಲ್ಲ. ಬರೆಯದೆ ಹೋದರೆ, ಇಲ್ಲವೇ ತಪ್ಪು ಬರೆದು ಹೋದರೆ, ವಿಷಯ ಗೊತ್ತಿರುವುದು ಅವನೊಬ್ಬನಿಗೇ. ಕೆಲವು ಕಂಪನಿಗಳು ಬಯೋಸ್‌ನಲ್ಲಿ ಅರ್ಧಂಬರ್ಧ ಬರೆದು, ಸರಿಯಾದ ವಿವರವನ್ನು ತಮ್ಮ ವಿಂಡೋಸ್ ಡ್ರೈವರ್‌ನಲ್ಲಿ ಮಾತ್ರ ಇಟ್ಟಿರುತ್ತವೆ. ಇನ್ನು ಕೆಲವು ಮಾಡೆಲ್‌ಗಳಲ್ಲಿ ಸ್ಪೀಕರಿನ ಆಂಪ್ಲಿಫೈಯರ್‌ಗೆ ಕರೆಂಟ್ ಹೋಗಲು ಬೇರೊಂದು ಎಳೆಯನ್ನು ಎತ್ತಿಕೊಡಬೇಕು, ಅದೂ ಎಲ್ಲೂ ಬರೆದಿರುವುದಿಲ್ಲ. ಲಿನಕ್ಸ್‌ಗೆ ಚಿಪ್ ಕಾಣುತ್ತದೆ, ಶಬ್ದವನ್ನೂ ಕಳಿಸುತ್ತದೆ, ಆದರೆ ಅದು ಹೋಗಿ ತಲುಪುವುದು ಏನೂ ಕಟ್ಟಿರದ ಕಾಲಿಗೆ.

ಇಂಥ ಮಾಡೆಲ್‌ಗಳಿಗಾಗಿ ಕರ್ನಲ್‌ನೊಳಗೆ ಒಂದು ಪಟ್ಟಿಯೇ ಇದೆ. ‘ಈ ಗುರುತಿನ ಸಂಖ್ಯೆಯ ಲ್ಯಾಪ್‌ಟಾಪ್ ಕಂಡರೆ ಸ್ಪೀಕರ್ ಇಂಥ ಕಾಲಿನಲ್ಲಿದೆ ಎಂದು ತಿಳಿ’ ಎನ್ನುವ ರೀತಿಯ ಸಾಲುಗಳು ರಿಯಲ್‌ಟೆಕ್ ಚಿಪ್‌ಗಳಿಗೇ ನೂರಾರು ಇವೆ. ಸೂಸೆ ಕಂಪನಿಯಲ್ಲಿರುವ ತಕಾಶಿ ಇವಾಯಿ ವರ್ಷಗಳಿಂದ ಈ ಭಾಗವನ್ನು ನೋಡಿಕೊಳ್ಳುತ್ತಿದ್ದಾರೆ. ಎಷ್ಟೋ ಸಾಲುಗಳು ಹುಟ್ಟಿದ್ದು ಯಾವುದೋ ಊರಿನಲ್ಲಿ ಯಾರದೋ ಯಂತ್ರ ಮೂಕವಾಗಿ, ಅವರು ಅದರ ವಿವರ ಬರೆದು ಕಳಿಸಿದ್ದರಿಂದ. ಒಬ್ಬರಿಗಾಗಿ ಸೇರಿದ ಒಂದು ಸಾಲು ಮುಂದಿನ ಕರ್ನಲ್‌ನಿಂದ ಆ ಮಾಡೆಲ್ ಇಟ್ಟುಕೊಂಡ ಎಲ್ಲರಿಗೂ ಸಿಗುತ್ತದೆ. ‘ಡ್ರೈವರ್ ಇಲ್ಲ’ ಎಂದು ಕೈಚೆಲ್ಲಿ ವಿಂಡೋಸ್ ವಾಪಸ್ ಹಾಕಿಕೊಡುವ ಅಂಗಡಿಯವರು ಆ ಒಂದು ಸಾಲು ಸೇರುವ ದಾರಿಯನ್ನೇ ಮುಚ್ಚುತ್ತಿದ್ದಾರೆ. ನನ್ನ ತಕರಾರು ಇರುವುದು ಅದಕ್ಕೆ.

ಎರಡನೆಯ ಮಾತು: ‘ಪುಸ್ತಕದ ಮಾತು ಬೇಡ, ನಾವೇ ಕಣ್ಣಾರೆ ಕಂಡಿದ್ದೇವೆ. ವಿಂಡೋಸ್‌ನಲ್ಲಿ ಬರ್ತಿದ್ದ ಸೌಂಡು ಲಿನಕ್ಸ್ ಹಾಕಿದ ಮೇಲೆ ಹೋಯ್ತು.’ ಕಂಡದ್ದು ಸುಳ್ಳಲ್ಲ, ಹಚ್ಚಿದ ಕಾರಣ ಸುಳ್ಳು. ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರೊಬ್ಬರು ಹೀಗೇ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದರು. ‘ಲಿನಕ್ಸ್ ಹಾಕಿಸ್ಕೊಂಡಿದ್ದೇ ತಪ್ಪಾಯ್ತು ಸಾರ್, ವಾಟ್ಸಾಪಲ್ಲಿ ರೈತ್ರು ಕಳಿಸೋ ವಾಯ್ಸ್ ಮೆಸೇಜೂ ಕೇಳಕ್ಕಾಗ್ತಿಲ್ಲ’ ಎಂದರು. ಟರ್ಮಿನಲ್ ತೆರೆದು ಆಲ್ಸಾಮಿಕ್ಸರ್ ಎಂದು ಟೈಪ್ ಮಾಡಿದೆ. ಪರದೆಯ ಮೇಲೆ ಸಾಲಾಗಿ ಕಂಬಗಳು ಮೂಡಿದವು. ಒಂದೊಂದರ ಬುಡದಲ್ಲಿ ಹೆಸರು: ಮಾಸ್ಟರ್, ಹೆಡ್‌ಫೋನ್, ಸ್ಪೀಕರ್. ಕಂಬದ ಕೆಳಗಿನ ಪೆಟ್ಟಿಗೆಯಲ್ಲಿ ಎರಡು ಸೊನ್ನೆ ಇದ್ದರೆ ಆ ದಾರಿ ತೆರೆದಿದೆ, ಎಂಎಂ ಎಂದಿದ್ದರೆ ಮುಚ್ಚಿದೆ ಎಂದರ್ಥ. ಎಂ ಒತ್ತಿದರೆ ತೆರೆದುಕೊಳ್ಳುತ್ತದೆ. ಅವರದರಲ್ಲಿ ಎಲ್ಲವೂ ತೆರೆದೇ ಇದ್ದವು. ಬಾಣದ ಗುರುತಿನ ಕೀಲಿ ಒತ್ತುತ್ತಾ ಬಲಕ್ಕೆ ಸರಿದರೆ ಆಟೋ ಮ್ಯೂಟ್ ಎಂಬ ಕಂಬ ಸಿಕ್ಕಿತು. ಜ್ಯಾಕಿಗೆ ಇಯರ್‌ಫೋನ್ ಸಿಕ್ಕಿಸಿದಾಗ ಸ್ಪೀಕರನ್ನು ತಾನೇ ಬಂದ್ ಮಾಡುವುದು ಅದರ ಕೆಲಸ. ಅದನ್ನು ಆಫ್ ಮಾಡಿದ್ದೇ ತಡ, ಸ್ಪೀಕರಿನಲ್ಲಿ ಧ್ವನಿ ಬಂತು. ಅಂದರೆ ಇಯರ್‌ಫೋನ್ ಸಿಕ್ಕಿಸದಿದ್ದರೂ ಸಿಕ್ಕಿಸಿದೆ ಎಂದು ಯಂತ್ರ ನಂಬಿ ಕೂತಿದೆ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಜ್ಯಾಕಿನ ತೂತಿನಲ್ಲಿ ಧೂಳಿನ ಜೊತೆ ಗಟ್ಟಿಯಾದ ತೆಂಗಿನ ನಾರು. ಯಂತ್ರ ಆರಿಸಿ, ಸೂಜಿಯಿಂದ ಮೆಲ್ಲಗೆ ಎಳೆದು ತೆಗೆದ ಮೇಲೆ ಆಟೋ ಮ್ಯೂಟ್ ಮತ್ತೆ ಆನ್ ಮಾಡಿದರೂ ಸ್ಪೀಕರ್ ನಿಲ್ಲಲಿಲ್ಲ. ಆ ನಾರಿಗೂ ಲಿನಕ್ಸ್‌ಗೂ ಏನೂ ಸಂಬಂಧವಿರಲಿಲ್ಲ, ಯಾವ ವಿಂಡೋಸ್ ಹಾಕಿದ್ದರೂ ಅದು ಹಾಗೆಯೇ ಅಡ್ಡ ಬರುತ್ತಿತ್ತು.

ವಿಂಡೋಸ್, ಲಿನಕ್ಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಂಡವರಿಗೆ ಇನ್ನೊಂದು ಕಾರಣವೂ ಇದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದು ಸಾಮಾನ್ಯವಾಗಿ ಆನ್ ಆಗಿಯೇ ಇರುತ್ತದೆ. ಶಟ್‌ಡೌನ್ ಎಂದು ನಾವು ಒತ್ತಿದರೂ ಯಂತ್ರ ಪೂರ್ತಿ ಆರದೆ ಅರೆನಿದ್ರೆಗೆ ಹೋಗುತ್ತದೆ, ಕೆಲವು ಧ್ವನಿ ಚಿಪ್‌ಗಳು ವಿಂಡೋಸ್ ಬಿಟ್ಟ ಸ್ಥಿತಿಯಲ್ಲೇ ಉಳಿದುಬಿಡುತ್ತವೆ. ಅದರ ಮೇಲೆ ಲಿನಕ್ಸ್ ತೆರೆದರೆ ಸದ್ದಿಲ್ಲ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಒಮ್ಮೆ ಪೂರ್ತಿ ಆರಿಸಿ ಹಚ್ಚಿದರೆ ಸರಿಹೋಗುತ್ತದೆ.

ಮೂರನೆಯದು ಮೇಷ್ಟ್ರುಗಳ ಮಾತು: ‘ಸ್ಪೀಕರ್ ಬರುತ್ತೆ ಅಂತಲೇ ಇಟ್ಕೊಳ್ಳಿ. ಮೈಕು? ಆನ್‌ಲೈನ್ ಮೀಟಿಂಗಲ್ಲಿ ನಾವು ಮಾತಾಡಿದ್ದು ಯಾರಿಗೂ ಕೇಳಲ್ಲ.’ ಈ ಆಕ್ಷೇಪಕ್ಕೆ ತೂಕವಿದೆ. 2019ರಿಂದ ಈಚೆಗೆ ಬಂದ ಅನೇಕ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಮೇಲಂಚಿನ ಮೈಕುಗಳು ಹಳೆಯ ಧ್ವನಿ ಚಿಪ್‌ಗೆ ಸೇರಿಲ್ಲ. ಅವು ಹೋಗಿ ಸೇರುವುದು ಪ್ರೊಸೆಸರ್‌ನೊಳಗಿನ ಡಿಎಸ್‌ಪಿ ಎಂಬ ಪ್ರತ್ಯೇಕ ಭಾಗಕ್ಕೆ. ಹಳೆಯ ಡ್ರೈವರ್‌ಗೆ ಆ ಮೈಕುಗಳು ಇವೆ ಎಂಬುದೇ ಗೊತ್ತಾಗುವುದಿಲ್ಲ. ಡಿಎಸ್‌ಪಿ ಎದ್ದು ಕೆಲಸ ಮಾಡಲು ಫರ್ಮ್‌ವೇರ್ ಎಂಬ ಸಣ್ಣ ಕಡತವೊಂದನ್ನು ಅದಕ್ಕೆ ತುಂಬಬೇಕು. ಇದಕ್ಕಾಗಿ ಇಂಟೆಲ್ 2018ರಲ್ಲಿ ಸೌಂಡ್ ಓಪನ್ ಫರ್ಮ್‌ವೇರ್ ಎಂಬ ಮುಕ್ತ ಯೋಜನೆಯನ್ನು ಹೊರತಂದಿತು. ಈಗಿನ ಕರ್ನಲ್‌ಗಳು ಯಾವ ಯಂತ್ರಕ್ಕೆ ಹಳೆಯ ದಾರಿ, ಯಾವುದಕ್ಕೆ ಹೊಸ ದಾರಿ ಎಂದು ತಾವೇ ನೋಡಿ ನಿರ್ಧರಿಸುತ್ತವೆ. ಉಬುಂಟು, ಮಿಂಟ್‌ಗಳ ಈಚಿನ ಆವೃತ್ತಿಗಳಲ್ಲಿ ಆ ಕಡತಗಳು ಜೊತೆಗೇ ಬರುತ್ತವೆ. ಡೆಬಿಯನ್ ಮಾತ್ರ ಮುಕ್ತವಲ್ಲದ ಫರ್ಮ್‌ವೇರನ್ನು ಬಹುಕಾಲ ಬೇರೆಯಾಗಿ ಇಟ್ಟಿತ್ತು. 2022ರಲ್ಲಿ ಅದರ ಸದಸ್ಯರು ಮತ ಹಾಕಿ ನಿಲುವು ಬದಲಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರ್‌ನೊಳಗೇ ಇದೆ.

ಹಾಗಿದ್ದೂ ನಮ್ಮ ಕಡೆ ಮೈಕ್ ಕೈಕೊಡಲು ನಾನು ಕಂಡ ಮುಖ್ಯ ಕಾರಣವೆಂದರೆ ಹಳೇ ಪೆನ್‌ಡ್ರೈವ್. ಯಾವುದೋ ತರಬೇತಿಯಲ್ಲಿ ಕೊಟ್ಟ ಉಬುಂಟು 18.04ನ್ನು ಜೋಪಾನವಾಗಿ ಇಟ್ಟುಕೊಂಡು ಅದನ್ನೇ 2021ರ ಲ್ಯಾಪ್‌ಟಾಪ್‌ಗೆ ಹಾಕುತ್ತಾರೆ. ಆ ಆವೃತ್ತಿ ಹೊರಬಂದದ್ದು 2018ರ ಏಪ್ರಿಲ್‌ನಲ್ಲಿ. ಮೂರು ವರ್ಷ ಆಮೇಲೆ ಹುಟ್ಟಿದ ಯಂತ್ರದ ಮೈಕನ್ನು ಅದು ಗುರುತಿಸಬೇಕು ಎಂದು ಬಯಸುವುದು ನ್ಯಾಯವಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ ಎಂದು ಕಂಡರೆ, ಇಲ್ಲವೇ ಇನ್‌ಪುಟ್ ಪಟ್ಟಿ ಖಾಲಿ ಇದ್ದರೆ, ಮೊದಲು ಹೊಸ ಆವೃತ್ತಿಯನ್ನು ಪೆನ್‌ಡ್ರೈವಿಗೆ ಇಳಿಸಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಯಂತ್ರ ತೆರೆದು, ಮೈಕಿನಲ್ಲಿ ನಾಲ್ಕು ಮಾತು ರೆಕಾರ್ಡ್ ಮಾಡಿ ನೋಡಿ. ಹೀಗೆ ಒಳಗಿರುವುದನ್ನು ಮುಟ್ಟದೆ ಪರೀಕ್ಷಿಸಿ ನೋಡುವ ಅನುಕೂಲ ಲಿನಕ್ಸ್‌ನ ಬಹುದೊಡ್ಡ ಗುಣ, ಅದನ್ನು ನಮ್ಮವರು ಬಳಸಿಕೊಳ್ಳುವುದೇ ಕಡಿಮೆ. ಹಳೇಬೀಡು ಕಡೆಯ ಹಳ್ಳಿಗಳ ಅಜ್ಜಿಯರ ಸೋಬಾನೆ ಪದಗಳನ್ನು ಮಕ್ಕಳಿಂದ ರೆಕಾರ್ಡ್ ಮಾಡಿಸಬೇಕು ಎನ್ನುವ ಶಿಕ್ಷಕಿಯರಿಗೆ ನಾನು ಹೇಳುವುದೂ ಇದನ್ನೇ. ಮೈಕು ಎದ್ದಿತೆಂದರೆ ಅಡಾಸಿಟಿ ಎಂಬ ಮುಕ್ತ ತಂತ್ರಾಂಶ ಆ ಕೆಲಸಕ್ಕೆ ಸಾಕು.

ನಾಲ್ಕನೆಯದು ಕಾಲೇಜು ಹುಡುಗರದು: ‘ಸೌಂಡ್ ಬಂದ್ರೂ ಡಬ್ಬದೊಳಗಿಂದ ಬಂದಂಗೆ ಬರುತ್ತೆ, ಬೇಸೇ ಇಲ್ಲ.’ ಕೆಲವು ಹೊಸ ಲ್ಯಾಪ್‌ಟಾಪ್‌ಗಳ ಮಟ್ಟಿಗೆ ಈ ಮಾತನ್ನು ನಾನು ಒಪ್ಪುತ್ತೇನೆ. ಇದರಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ವಿಂಡೋಸ್‌ನಲ್ಲಿ ಡಾಲ್ಬಿ, ಮ್ಯಾಕ್ಸ್‌ಆಡಿಯೋ ಮುಂತಾದ ತಂತ್ರಾಂಶಗಳು ಸಣ್ಣ ಸ್ಪೀಕರಿನ ಕೊರತೆ ಮುಚ್ಚುವಂತೆ ಧ್ವನಿಯನ್ನು ತಿದ್ದಿ ಕಳಿಸುತ್ತವೆ. ಲಿನಕ್ಸ್ ಇದ್ದದ್ದನ್ನು ಇದ್ದಂತೆ ಕಳಿಸುತ್ತದೆ. ಈಸಿಎಫೆಕ್ಟ್ಸ್ ಎಂಬ ತಂತ್ರಾಂಶ ಹಾಕಿಕೊಂಡು ಈ ವ್ಯತ್ಯಾಸವನ್ನು ಬಹುಮಟ್ಟಿಗೆ ತುಂಬಿಕೊಳ್ಳಬಹುದು. ಎರಡನೆಯದು ಇದಕ್ಕಿಂತ ಗಂಭೀರ. ದುಬಾರಿಯ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸಿರಸ್ ಲಾಜಿಕ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ ‘ಸ್ಮಾರ್ಟ್’ ಆಂಪ್ಲಿಫೈಯರ್‌ಗಳಿವೆ. ಅವುಗಳನ್ನು ಬೇರೆ ತಂತಿಯ ಮೂಲಕ ಎಬ್ಬಿಸಬೇಕು, ಆ ಸ್ಪೀಕರಿಗೇ ಹೊಂದುವ ಅಳತೆಗಳನ್ನು ತುಂಬಬೇಕು. ಹಾಗೆ ಆಗದಿದ್ದರೆ ನಾಲ್ಕು ಸ್ಪೀಕರಿನಲ್ಲಿ ಎರಡೇ ಕೂಗುತ್ತವೆ, ಕೆಲವೊಮ್ಮೆ ಒಂದೂ ಇಲ್ಲ. ಈ ಎರಡೂ ಚಿಪ್ ಕಂಪನಿಗಳು ತಾವೇ ಕರ್ನಲ್‌ಗೆ ಡ್ರೈವರ್ ಬರೆದು ಕೊಟ್ಟಿವೆ, ಪಟ್ಟಿಗೆ ಮಾಡೆಲ್‌ಗಳು ಸೇರುತ್ತಲೂ ಇವೆ. ಆದರೆ ಮೊನ್ನೆ ಮೊನ್ನೆ ಮಾರುಕಟ್ಟೆಗೆ ಬಂದ ಯಂತ್ರ ತಿಂಗಳುಗಟ್ಟಲೆ ಮೂಕವಾಗಿರಬಹುದು. ಅಂಥದ್ದನ್ನು ಕೊಳ್ಳುವ ಮುಂಚೆ ಆ ಮಾಡೆಲ್‌ನಲ್ಲಿ ಲಿನಕ್ಸ್ ಬಳಸಿದವರ ಅನುಭವ ವಿಚಾರಿಸಿ. ನಾನು ಲಿನಕ್ಸ್ ಹಾಕಿಸಿಕೊಳ್ಳಿ ಎನ್ನುತ್ತಿರುವುದು ಮನೆಯ ಮೂಲೆಯಲ್ಲಿರುವ ಏಳೆಂಟು ವರ್ಷದ ಯಂತ್ರಗಳಿಗೆ. ಅವುಗಳಲ್ಲಿ ಈ ತೊಡಕು ಅಪರೂಪ.

‘ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೀಬೇಕು, ಅದು ಸಾಮಾನ್ಯರಿಗಲ್ಲ’ ಎಂಬ ಮಾತಿಗೆ ಉದ್ದದ ಉತ್ತರ ಬೇಕಿಲ್ಲ. ಮೊದಲೆಲ್ಲ, ಧ್ವನಿಯನ್ನು ಹಂಚಿಕೊಡುವ ಪಲ್ಸ್‌ಆಡಿಯೋ ಎಂಬ ತಂತ್ರಾಂಶದ ಕಾಲದಲ್ಲಿ, ಅದು ಹೆಚ್ಚೇ ಇತ್ತು. ಅದರ ಜಾಗಕ್ಕೆ ವಿಮ್ ಟೇಮನ್ಸ್ ಕಟ್ಟಿದ ಪೈಪ್‌ವೈರ್ 2021ರಲ್ಲಿ ಫೆಡೋರಾ 34ಕ್ಕೆ, 2022ರಲ್ಲಿ ಉಬುಂಟು 22.10ಕ್ಕೆ, 2024ರಲ್ಲಿ ಮಿಂಟ್ 22ಕ್ಕೆ ಬಂದ ಮೇಲೆ ಬ್ಲೂಟೂತ್ ಹೆಡ್‌ಸೆಟ್, ಎಚ್‌ಡಿಎಂಐ ಟೀವಿ ಎಲ್ಲವೂ ಮೌಸಿನಿಂದಲೇ ಆರಿಸಿಕೊಳ್ಳುವಂತಾಗಿದೆ. ಉಳಿದದ್ದನ್ನು ಕಲಿತವರು ಊರಿಗೊಬ್ಬರಂತೆ ಇದ್ದರೆ ಸಾಕು. ವಿಂಡೋಸ್‌ನಲ್ಲಿ ಡ್ರೈವರ್ ಕೆಟ್ಟಾಗಲೂ ಸಾಮಾನ್ಯರು ತಾವೇ ಸರಿಮಾಡಿಕೊಳ್ಳುತ್ತಿಲ್ಲ, ಅಂಗಡಿಗೇ ಹೋಗುತ್ತಾರೆ.

‘ಅಪ್‌ಡೇಟ್ ಮಾಡಿದರೆ ಸೌಂಡ್ ಹೋಗುತ್ತದೆ.’ ಹೀಗಾಗುವುದುಂಟು. ಹೊಸ ಕರ್ನಲ್‌ನಲ್ಲಿ ಒಂದು ಮಾಡೆಲ್‌ಗೆ ಮಾಡಿದ ತಿದ್ದುಪಡಿ ಇನ್ನೊಂದಕ್ಕೆ ತಗಲಬಹುದು. ಆದರೆ ಹಳೆಯ ಕರ್ನಲ್ ಅಳಿದು ಹೋಗಿರುವುದಿಲ್ಲ. ಯಂತ್ರ ಹಚ್ಚುವಾಗ ಗ್ರಬ್ ಎಂಬ ಆರಂಭದ ಪಟ್ಟಿ ತೆರೆದು, ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ ಹಿಂದಿನ ಕರ್ನಲ್ ಆರಿಸಿಕೊಂಡರೆ ಸದ್ದು ಮರಳುತ್ತದೆ. ‘ಇದರಲ್ಲಿ ಬರುತ್ತದೆ, ಅದರಲ್ಲಿ ಬರುವುದಿಲ್ಲ’ ಎಂಬ ಆ ಒಂದು ಮಾತೇ ತಿದ್ದುವವರಿಗೆ ಬಹಳ ದೊಡ್ಡ ಸುಳಿವು.

‘ಕ್ರ್ಯಾಕ್ ಮಾಡಿದ ವಿಂಡೋಸ್ ಪುಕ್ಕಟೆ ಸಿಗುವಾಗ ಈ ತಾಪತ್ರಯ ಯಾಕೆ?’ ಎನ್ನುವವರಿಗೆ ನೇರವಾಗಿಯೇ ಹೇಳುತ್ತೇನೆ: ಅದು ಕದ್ದ ಮಾಲು. ಆಕ್ಟಿವೇಟರ್ ಎಂದು ಓಡಿಸುವ ಕಡತದೊಳಗೆ ಏನಿದೆ ಎಂದು ಹಾಕಿಕೊಡುವವರಿಗೂ ಗೊತ್ತಿರುವುದಿಲ್ಲ, ಅದೇ ಯಂತ್ರದಲ್ಲಿ ಮನೆಯವರು ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುತ್ತಾರೆ. ಶಾಲೆಯಲ್ಲಿ ಮಕ್ಕಳ ಮುಂದೆ ಅದನ್ನು ಹಾಕುವುದನ್ನಂತೂ ನಾನು ಸಹಿಸಲಾರೆ.

ಈಗ ನನ್ನದೇ ಬಣದ ಒಂದು ಮಾತಿಗೆ ಉತ್ತರ ಕೊಡಬೇಕು. ಲಿನಕ್ಸ್ ಮೆಚ್ಚುವವರಲ್ಲೇ ಕೆಲವರು ‘ಸೌಂಡ್ ಅಂಥ ದೊಡ್ಡ ವಿಷಯವಲ್ಲ, ಕೋಡಿಂಗ್ ಕಲಿಯೋಕೆ ಸದ್ದು ಬೇಕಾ?’ ಎನ್ನುತ್ತಾರೆ. ವಿರೋಧಿಗಳ ಮಾತಿಗಿಂತ ಹೆಚ್ಚು ನೋವಾಗುವುದು ನನಗೆ ಇದರಿಂದ. ಕಣ್ಣು ಕಾಣದ ವಿದ್ಯಾರ್ಥಿಗೆ ಧ್ವನಿಯೇ ಪರದೆ. ಲಿನಕ್ಸ್‌ನಲ್ಲಿ ಓರ್ಕಾ ಎಂಬ ಪರದೆ ಓದುಗವಿದೆ. ಆಲ್ಟ್, ಸೂಪರ್, ಎಸ್ ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಮಾತಾಡಲು ಶುರು ಮಾಡುತ್ತದೆ. ಈಸ್ಪೀಕ್ ಎನ್‌ಜಿ ಕನ್ನಡವನ್ನೂ ಓದುತ್ತದೆ. ಉಚ್ಚಾರಣೆ ಯಾಂತ್ರಿಕವಾಗಿದ್ದರೂ ಪಾಠ ಅರ್ಥವಾಗುತ್ತದೆ. ಇಷ್ಟೆಲ್ಲ ಪುಕ್ಕಟೆ ಇದ್ದೂ ಸ್ಪೀಕರ್ ಎಂಎಂ ಆಗಿ ಕೂತರೆ, ಕಣ್ಣಿದ್ದವರು ಮೌಸ್ ಹಿಡಿದು ಹುಡುಕಿಯಾರು. ಆ ಮಗುವಿಗೆ ಯಂತ್ರ ಹೊತ್ತಿಕೊಂಡಿದೆಯೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಇಂಥ ವಿದ್ಯಾರ್ಥಿ ಇರುವ ಕಡೆ ಲಿನಕ್ಸ್ ಹಾಕುವ ಮುನ್ನ ಸ್ಪೀಕರ್, ಜ್ಯಾಕ್, ಮೈಕು ಮೂರನ್ನೂ ಪರೀಕ್ಷಿಸಲೇಬೇಕು. ಒಳಗಿನ ಚಿಪ್ ಮೊಂಡು ಹಿಡಿದರೆ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ಸಿಕ್ಕಿಸಿ. ಯುಎಸ್‌ಬಿ ಧ್ವನಿಗೆ ಸಾಮಾನ್ಯ ಮಾನಕವಿರುವುದರಿಂದ ಒಳಗಿನ ವೈರಿಂಗ್‌ನ ಗೊಡವೆಯೇ ಅದಕ್ಕಿಲ್ಲ, ಡ್ರೈವರ್ ಕರ್ನಲ್‌ನಲ್ಲೇ ಇದೆ.

ಕೊನೆಯದು ಎಲ್ಲರೂ ಹೇಳುವ ಮಾತು: ‘ಬೆಂಗಳೂರಲ್ಲಾದ್ರೆ ಸರಿ. ನಮ್ಮೂರಲ್ಲಿ ಇದನ್ನೆಲ್ಲ ನೋಡೋರು ಯಾರಿದ್ದಾರೆ?’ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ ಎನ್ನುತ್ತೇನೆ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಮುಂದೆ ಮುಕ್ತ ತಂತ್ರಾಂಶಕ್ಕೆ ತಿರುಗಿತು, 2017ರಲ್ಲಿ ಕೈಟ್ ಸಂಸ್ಥೆಯಾಯಿತು. ಉಬುಂಟು ಆಧಾರದ ಮೇಲೆ ತನ್ನದೇ ಲಿನಕ್ಸ್ ಕಟ್ಟಿ ಸರ್ಕಾರಿ, ಅನುದಾನಿತ ಶಾಲೆಗಳಿಗೆಲ್ಲ ಕೊಡುತ್ತಿದೆ. 45,000 ತರಗತಿಗಳನ್ನು ಹೈಟೆಕ್ ಮಾಡಿದಾಗ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಜೊತೆಗೆ ಯುಎಸ್‌ಬಿ ಸ್ಪೀಕರನ್ನೂ ಕೊಟ್ಟರು. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಮಂಜೇಶ್ವರದ ಕನ್ನಡದ ಮಕ್ಕಳು ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿತು ಬೆಳೆಯುತ್ತಿರುವಾಗ ಬೇಲೂರಿನ ಮಕ್ಕಳಿಗೆ ಅದು ಆಗದು ಎನ್ನಲು ಕಾರಣವೇನು? ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. 2011ರಿಂದ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ಜೊತೆಗೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟುವಿನಲ್ಲೇ ತರಬೇತಿ ಪಡೆದರು. ಆ ಶಿಕ್ಷಕರಲ್ಲಿ ಎಷ್ಟೋ ಮಂದಿ ಇನ್ನೂ ಸೇವೆಯಲ್ಲಿದ್ದಾರೆ.

ನೋಡುವವರು ಬೇಕೆಂದರೆ ನೋಡುವ ಕೆಲಸವನ್ನು ಶುರು ಮಾಡಬೇಕು. ಆಲ್ಸಾ-ಇನ್ಫೋ ಎಂಬ ಸಣ್ಣ ಸ್ಕ್ರಿಪ್ಟ್ ಇದೆ. ಓಡಿಸಿದರೆ ಚಿಪ್ಪಿನ ಹೆಸರು, ಮಾಡೆಲ್‌ನ ಗುರುತಿನ ಸಂಖ್ಯೆ, ಯಾವ ಕಾಲಿಗೆ ಏನು ಬರೆದಿದೆ ಎಂಬುದೆಲ್ಲ ಒಂದೇ ಕಡತದಲ್ಲಿ ಬರುತ್ತದೆ. ಮೂಕವಾದ ಯಂತ್ರ ಕೈಗೆ ಬಂದಾಗ ಅಂಗಡಿಯವರು ಅದನ್ನು ತೆಗೆದು, ಕರ್ನಲ್ ಆವೃತ್ತಿ, ಸ್ಪೀಕರಿಗೆ ತೊಂದರೆಯೋ ಮೈಕಿಗೋ ಎಂಬ ಎರಡು ಸಾಲು ಸೇರಿಸಿ ಆಲ್ಸಾ ಬಳಗಕ್ಕೆ ಕಳಿಸಲಿ. ಇಂಗ್ಲಿಷ್ ಕಷ್ಟವೆನಿಸಿದರೆ ಕಾಲೇಜಿನ ಹುಡುಗರಿಂದ ಬರೆಸಲಿ, ಇಲ್ಲವೇ ನನ್ನ ಬಳಿ ತರಲಿ, ನಾನು ಬರೆದುಕೊಡುತ್ತೇನೆ. ಯಂತ್ರದ ತಳದಲ್ಲಿ ಅಂಟಿಸಿರುವ ಚೀಟಿಯ ಪೂರ್ತಿ ಮಾಡೆಲ್ ಸಂಖ್ಯೆಯನ್ನು ಬರೆದುಕೊಳ್ಳಲು ಮಾತ್ರ ಮರೆಯಬಾರದು, ಒಂದೇ ಹೆಸರಿನಲ್ಲಿ ಬರುವ ಎರಡು ಲ್ಯಾಪ್‌ಟಾಪ್‌ಗಳ ಒಳಗಿನ ವೈರಿಂಗ್ ಬೇರೆ ಬೇರೆ ಇರಬಹುದು.